ದಡ ಸೇರಿದ ಮೇಲೂ ತೂಗುವ ನೆಲ: ಬೆಂಗಳೂರು ದಂಡುಪ್ರದೇಶದ ಕಡಲಯಾನ, ದೇಹಸ್ಮೃತಿ ಮತ್ತು ಭಾಷೆ

ಬಹುದಿನಗಳ ಕಡಲಯಾನ ಮುಗಿಸಿ ಗಟ್ಟಿ ನೆಲದ ಮೇಲೆ ಕಾಲಿಟ್ಟವರಿಗೆ ಕೆಲವು ಗಂಟೆಗಳವರೆಗೆ, ಒಮ್ಮೊಮ್ಮೆ ಒಂದೆರಡು ದಿನಗಳವರೆಗೆ, ಆ ನೆಲವೇ ಹಡಗಿನಂತೆ ತೂಗುತ್ತಿರುವ ಅನುಭವವಾಗುವುದುಂಟು. ಕಡಲಿನೊಡನೆ ಒಡನಾಟವುಳ್ಳ ಸಮುದಾಯಗಳಿಗೆ ಇದು ಪರಿಚಿತ ಸಂಗತಿ. ಆದರೆ ಎರಡು ಕಡೆಯ ಕಡಲಿಗೂ ರಸ್ತೆಯ ಲೆಕ್ಕದಲ್ಲಿ ಮುನ್ನೂರು ಕಿಲೋಮೀಟರುಗಳಿಗೂ ಹೆಚ್ಚು ದೂರದಲ್ಲಿರುವ, ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನ ದಂಡುಪ್ರದೇಶಕ್ಕೂ ಈ ಅನುಭವಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಕಮರ್ಷಿಯಲ್ ಸ್ಟ್ರೀಟ್ ಮತ್ತು ಅದರ ಸುತ್ತಣ ಬೀದಿಗಳ ಜನಜೀವನವನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ದಂಡಿನ ಚರಿತ್ರೆಯನ್ನು ಸಾಮಾನ್ಯವಾಗಿ ಕಟ್ಟಡ, ರಸ್ತೆ, ಪಲ್ಟನ್ನು ಮತ್ತು ಆಡಳಿತದ ನೆಲೆಯಲ್ಲಿ ಬರೆಯಲಾಗಿದೆ. ಹಡಗಿನಲ್ಲಿ ಬಂದವರ, ಹಡಗಿನಲ್ಲಿ ಹೋಗಿ ಮರಳಿದವರ ದೇಹದ ಅನುಭವವೂ ಆ ಚರಿತ್ರೆಯ ಒಂದು ಭಾಗವೆಂಬುದು ಇಲ್ಲಿನ ಪ್ರತಿಪಾದನೆ.

೧. ಅನುಭವದ ಸ್ವರೂಪ

ವೈದ್ಯಶಾಸ್ತ್ರವು ಈ ಸ್ಥಿತಿಯನ್ನು ಫ್ರೆಂಚ್ ಹೆಸರಿನಿಂದಲೇ ಗುರುತಿಸುತ್ತದೆ: ಮಾಲ್ ದ ದೆಬಾರ್ಕ್‌ಮಾಂ, ಅಂದರೆ ಹಡಗಿನಿಂದ ಇಳಿದುದರ ಬೇನೆ. ಇದು ಕಡಲಬೇನೆಯಲ್ಲ. ಕಡಲಬೇನೆ ಹಡಗಿನಲ್ಲಿರುವಾಗ ಬರುತ್ತದೆ, ಓಕರಿಕೆ ಅದರ ಮುಖ್ಯ ಲಕ್ಷಣ. ಇದಾದರೋ ಹಡಗು ಬಿಟ್ಟ ಮೇಲೆ ಬರುವಂಥದು. ಹಡಗಿನಲ್ಲಿ ಒಮ್ಮೆಯೂ ವಾಂತಿ ಮಾಡಿಕೊಳ್ಳದವರಿಗೂ ಇದು ಬರಬಹುದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಇಂಗ್ಲೆಂಡಿನ ವೈದ್ಯ ಎರಾಸ್ಮಸ್ ಡಾರ್ವಿನ್ ತನ್ನ 'ಜೂನೊಮಿಯ' ಗ್ರಂಥದಲ್ಲಿ (೧೭೯೪–೯೬) ದೀರ್ಘಕಾಲ ನೀರಿನ ಮೇಲಿದ್ದವರಿಗೆ ದಡದಲ್ಲಿಯೂ ಚಲನೆಯ ಭಾಸವಾಗುವುದನ್ನು ಚರ್ಚಿಸಿದ್ದಾನೆ.

ಬಹುಪಾಲು ಜನರಲ್ಲಿ ಇದು ತಾನಾಗಿಯೇ ಅಡಗುತ್ತದೆ. ಕೆಲವರಲ್ಲಿ ಮಾತ್ರ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಹೀಗೆ ಉಳಿದುಕೊಳ್ಳುವ ರೂಪವನ್ನು ೧೯೮೭ರಲ್ಲಿ ಬ್ರೌನ್ ಮತ್ತು ಬಾಲೊ ಎಂಬ ವೈದ್ಯರು ಪ್ರತ್ಯೇಕ ವ್ಯಾಧಿಯಾಗಿ ವಿವರಿಸಿದರು. ಒಳಗಿವಿಯ ಸಮತೋಲನ ವ್ಯವಸ್ಥೆಯ ಅಧ್ಯಯನಕ್ಕಾಗಿ ೧೯೧೪ರ ನೊಬೆಲ್ ಪ್ರಶಸ್ತಿ ಪಡೆದ ರಾಬರ್ಟ್ ಬಾರಾನಿಯ ಹೆಸರಿನ ಅಂತರರಾಷ್ಟ್ರೀಯ ವಿದ್ವತ್ಸಂಸ್ಥೆಯು ೨೦೨೦ರಲ್ಲಿ ಇದರ ನಿರ್ಣಯಕ್ಕೆ ಮಾನದಂಡಗಳನ್ನು ಪ್ರಕಟಿಸಿತು. ಅವುಗಳ ಪ್ರಕಾರ ಚಲನೆ ನಿಂತ ೪೮ ಗಂಟೆಗಳೊಳಗೆ ಈ ಭಾಸ ಆರಂಭವಾಗಿರಬೇಕು, ೪೮ ಗಂಟೆಗಳನ್ನು ಮೀರಿ ಮುಂದುವರಿಯಬೇಕು, ವಾಹನದಲ್ಲಿ ಕುಳಿತು ಸಾಗುವಾಗ ತಾತ್ಕಾಲಿಕವಾಗಿ ತಗ್ಗಬೇಕು. ಅನುಭವವು ಸುತ್ತುವಿಕೆಯದಲ್ಲ, ತೂಗುವಿಕೆಯದು, ಓಲಾಟದ್ದು, ಮೇಲೆದ್ದು ಕೆಳಗಿಳಿಯುವಂಥದು. ನಡುವಯಸ್ಸಿನ ಹೆಂಗಸರಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ. ಕಿವಿಯ ಸಾಮಾನ್ಯ ಪರೀಕ್ಷೆಗಳಲ್ಲಿ ದೋಷ ಕಾಣಿಸದಿರುವುದೂ ಇದರ ಒಂದು ಲಕ್ಷಣವೇ.

ಕಾರಣದ ಬಗೆಗೆ ಇರುವ ವಿವರಣೆ ಜಾನಪದ ಅಧ್ಯಯನಕಾರರಿಗೂ ಆಸಕ್ತಿಕರವಾದುದು. ಹಡಗು ಒಂದು ಲಯದಲ್ಲಿ ಓಲಾಡುತ್ತಿರುವಾಗ ಮಿದುಳು ಆ ಲಯವನ್ನು ಕಲಿಯುತ್ತದೆ. ಮುಂದಿನ ತೂಗು ಯಾವಾಗ ಬರುತ್ತದೆಂದು ಮೊದಲೇ ಊಹಿಸಿ ದೇಹವನ್ನು ಅಣಿಗೊಳಿಸುತ್ತದೆ. ಹಡಗಿನವರು ತಟ್ಟಾಡದೆ ನಡೆಯಬಲ್ಲುದು ಈ ಕಲಿಕೆಯಿಂದ. ದಡ ಸೇರಿದ ಮೇಲೆ ಕಲಿತದ್ದನ್ನು ಮರೆಯಬೇಕು. ಮರೆಯಲು ತಡವಾದಾಗ ಇಲ್ಲದ ಅಲೆಗೆ ದೇಹವು ಉತ್ತರ ಕೊಡುತ್ತಲೇ ಇರುತ್ತದೆ. ನ್ಯೂಯಾರ್ಕಿನಲ್ಲಿ ಮಿಂಗ್‌ಜಿಯಾ ದಾಯ್ ಮತ್ತು ಸಂಗಡಿಗರು ೨೦೧೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳ ಓಲಾಟದ ಗತಿ ಹೆಚ್ಚುಕಡಿಮೆ ಐದು ಸೆಕೆಂಡಿಗೆ ಒಂದು ಆವರ್ತದಷ್ಟಿತ್ತು. ಸುತ್ತಲೂ ಚಲಿಸುವ ಪಟ್ಟೆಗಳನ್ನು ತೋರಿಸಿ, ಅದೇ ಗತಿಯಲ್ಲಿ ತಲೆಯನ್ನು ಓಲಿಸಿ, ಕಲಿಕೆಯನ್ನು ಹಿಂತಿರುಗಿಸುವ ಆ ಪ್ರಯೋಗದಲ್ಲಿ ೨೪ ಮಂದಿಯ ಪೈಕಿ ೧೭ ಮಂದಿ ಪೂರ್ಣವಾಗಿ ಅಥವಾ ಗಣನೀಯವಾಗಿ ಗುಣಮುಖರಾದರು. ಅಕ್ಷರದ ನೆರವಿಲ್ಲದೆ ದೇಹದಲ್ಲಿ ನೆಲೆಸುವ ತಿಳಿವನ್ನು ಜಾನಪದ ವಿದ್ವಾಂಸರು ಕುಣಿತ, ಕಸುಬು, ವಾದನಗಳಲ್ಲಿ ಗುರುತಿಸುತ್ತ ಬಂದಿದ್ದಾರೆ. ಆ ತಿಳಿವಿಗೆ ಮರೆಯಲಾಗದ ಮುಖವೂ ಒಂದಿದೆ ಎಂಬುದನ್ನು ಈ ಸ್ಥಿತಿ ತೋರಿಸಿಕೊಡುತ್ತದೆ.

೨. ಕಡಲಿನಿಂದ ಹುಟ್ಟಿದ ಒಳನಾಡಿನ ಪೇಟೆ

ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೇನಾನೆಲೆಯನ್ನು ತೆರವುಗೊಳಿಸಿ ಹಲಸೂರಿನ ಬದಿಯಲ್ಲಿ ೧೮೦೯ರ ಹೊತ್ತಿಗೆ ನೆಲೆಗೊಳಿಸಿದಂದಿನಿಂದ ಬೆಂಗಳೂರು ದಂಡಿನ ಚರಿತ್ರೆ ಆರಂಭವಾಗುತ್ತದೆ. ೧೮೮೧ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ಈ ಪ್ರದೇಶವನ್ನು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಬ್ರಿಟಿಷರು ತಮ್ಮಲ್ಲಿಯೇ ಉಳಿಸಿಕೊಂಡರು. ೧೯೪೭ರ ಜುಲೈನಲ್ಲಿ ಅದು ಮೈಸೂರಿಗೆ ಮರಳಿತು. ಕಮರ್ಷಿಯಲ್ ಸ್ಟ್ರೀಟ್ ಬೆಳೆದುದು ಈ ದಂಡಿನ ಅಗತ್ಯಗಳನ್ನು ಪೂರೈಸುವ ಪೇಟೆಯಾಗಿ. ಅದರ ಒಂದು ತುದಿ ಸೇರುವ ಕಾಮರಾಜ ರಸ್ತೆಗೆ ಹಿಂದೆ ಕ್ಯಾವಲ್ರಿ ರಸ್ತೆ ಎಂಬ ಹೆಸರಿತ್ತು. ಕುದುರೆಪಡೆಯ ನೆನಪು ಆ ಹೆಸರಿನಲ್ಲಿತ್ತು. ಅಕ್ಕಪಕ್ಕದ ಇಬ್ರಾಹಿಂ ಸಾಹೇಬ್ ಬೀದಿ, ನಾರಾಯಣ ಪಿಳ್ಳೆ ಬೀದಿ, ವೀರ ಪಿಳ್ಳೆ ಬೀದಿ, ಜುಮ್ಮಾ ಮಸೀದಿ ರಸ್ತೆ, ಡಿಸ್ಪೆನ್ಸರಿ ರಸ್ತೆಗಳ ಹೆಸರುಗಳು ಈ ಪೇಟೆಯನ್ನು ಕಟ್ಟಿದವರು ಯಾರೆಂಬುದನ್ನು ಇಂದಿಗೂ ಸಾರುತ್ತವೆ.

ಇಲ್ಲಿಗೆ ಬಂದ ಯುರೋಪಿಯನ್ ಸಿಪಾಯಿ, ಅಧಿಕಾರಿ, ಪಾದ್ರಿ, ದಾದಿ ಎಲ್ಲರೂ ಹಡಗಿನಲ್ಲಿ ಬಂದವರೇ. ಮೊದಲ ದಶಕಗಳಲ್ಲಿ ಮದರಾಸು ಅವರ ಬಂದರು. ಅಲ್ಲಿ ಆಗ ಹಡಗು ದಡಕ್ಕೆ ತಾಗುವಂತಿರಲಿಲ್ಲ. ಹಲಗೆಗಳನ್ನು ಮೊಳೆಯಿಲ್ಲದೆ ಹುರಿಯಿಂದ ಹೊಲಿದು ಕಟ್ಟಿದ ಮಸೂಲಾ ದೋಣಿಗಳಲ್ಲಿ ಉಬ್ಬರದ ಅಲೆಗಳನ್ನು ದಾಟಿ ದಡ ಸೇರಬೇಕಾಗಿತ್ತು. ೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬರುವವರೆಗೂ ಮುಂದಿನ ದಾರಿ ಎತ್ತಿನ ಗಾಡಿಯದು, ಮೇನೆಯದು.

ಇಳಿಯುವ ಗಳಿಗೆಯ ಅಪಾಯಕ್ಕೆ ಪ್ರಸಿದ್ಧವಾದ ಒಂದು ದೃಷ್ಟಾಂತ ಬೆಂಗಳೂರು ದಂಡಿಗೆ ಸಂಬಂಧಿಸಿದೆ. ೧೮೯೬ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸ್ಸಾರ್ ಕುದುರೆಪಡೆಯೊಂದಿಗೆ ಬೆಂಗಳೂರಿಗೆ ಬರಲು ಮುಂಬಯಿಯಲ್ಲಿ ಇಳಿದ ವಿನ್ಸ್‌ಟನ್ ಚರ್ಚಿಲ್‌ಗೆ ಆಗ ೨೧ ವರ್ಷ. ಸಣ್ಣ ದೋಣಿಯಲ್ಲಿ ಸಾಸೂನ್ ಡಾಕಿನ ಮೆಟ್ಟಿಲ ಬಳಿ ಬಂದಾಗ ದೋಣಿ ಅಲೆಗೆ ನಾಲ್ಕೈದು ಅಡಿ ಏರಿ ಇಳಿಯುತ್ತಿತ್ತು. ಗೋಡೆಯ ಕಬ್ಬಿಣದ ಬಳೆಯನ್ನು ಹಿಡಿಯುತ್ತಿದ್ದಂತೆ ದೋಣಿ ಕೆಳಕ್ಕೆ ಸರಿದು ಆತನ ಬಲಭುಜ ಉಳುಕಿತು. ಆ ನೋವು ಜೀವಮಾನವೆಲ್ಲ ಉಳಿಯಿತೆಂದು ಆತ ೧೯೩೦ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ತೋಳನ್ನು ಪಕ್ಕೆಗೆ ಕಟ್ಟಿಕೊಂಡು ಪೋಲೋ ಆಡಬೇಕಾಯಿತು. ೧೮೯೮ರ ಓಮ್‌ದುರ್ಮಾನ್ ಕಾಳಗದಲ್ಲಿ ಕತ್ತಿಯ ಬದಲು ಪಿಸ್ತೂಲನ್ನು ನೆಚ್ಚಬೇಕಾಯಿತು. ಇದು ತೂಗುಭಾಸದ ಪ್ರಸಂಗವಲ್ಲ, ನಿಜ. ಆದರೂ ಅಲೆಯ ಲಯ ಮತ್ತು ಕಲ್ಲಿನ ನಿಶ್ಚಲತೆ ಸಂಧಿಸುವ ಗೆರೆಯಲ್ಲಿ ದೇಹವು ಎಷ್ಟು ನಿರಾಧಾರವಾಗಿರುತ್ತದೆ ಎಂಬುದನ್ನು ಇದು ಸ್ಪಷ್ಟಪಡಿಸುತ್ತದೆ. ಒಬ್ಬ ಅಧಿಕಾರಿಯ ಭುಜದ ನೋವು ಗ್ರಂಥಸ್ಥವಾಯಿತು. ಅದೇ ಮೆಟ್ಟಿಲುಗಳನ್ನೋ ಅಂಥವನ್ನೋ ಹತ್ತಿಳಿದ ಅಸಂಖ್ಯ ಸಾಮಾನ್ಯರ ಅನುಭವಕ್ಕೆ ಆ ಭಾಗ್ಯವಿರಲಿಲ್ಲ.

ಅಂಥ ಸಾಮಾನ್ಯರಲ್ಲಿ ಕನ್ನಡ ನಾಡಿನ ಸವಾರರೂ ಇದ್ದರು. ಮೊದಲ ಮಹಾಯುದ್ಧ ಆರಂಭವಾದ ೧೯೧೪ರಲ್ಲಿಯೇ ಮೈಸೂರು ಲ್ಯಾನ್ಸರ್ಸ್ ಪಡೆ ಬೆಂಗಳೂರಿನಿಂದ ಹೊರಟು ಮುಂಬಯಿಯಲ್ಲಿ ಹಡಗು ಹತ್ತಿ ಸೂಯೆಜ್ ಸೇರಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ಗೆದ್ದ ಈ ಪಡೆಯ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ಹೈಫಾದ ಶೌರ್ಯ ಕಲ್ಲಿನಲ್ಲಿ ಉಳಿದಿದೆ. ಕಡಲನ್ನೇ ಕಾಣದ ಬಯಲುಸೀಮೆಯ ಸವಾರ ತನ್ನ ಕುದುರೆಯೊಡನೆ ವಾರಗಟ್ಟಲೆ ಹಡಗಿನಲ್ಲಿದ್ದು ಮರಳಿನ ಮೇಲೆ ಇಟ್ಟ ಮೊದಲ ಹೆಜ್ಜೆ ಕಲ್ಲಿನಲ್ಲಿ ಮೂಡುವಂಥದಲ್ಲ.

೩. ಹಜ್ ಯಾತ್ರೆ: ಹೆಸರಿನಲ್ಲಿ ಉಳಿದ ಕಡಲು

ಕಮರ್ಷಿಯಲ್ ಸ್ಟ್ರೀಟಿನ ಸುತ್ತಿನಲ್ಲಿ ಕಡಲಯಾನವು ತಲೆಮಾರುಗಳ ಕಾಲ ನಿಯತವಾಗಿ ನಡೆದುಬಂದುದು ಹಜ್ ಯಾತ್ರೆಯ ಮೂಲಕ. ಇಲ್ಲಿನ ಮುಸ್ಲಿಮರಲ್ಲಿ ದಖ್ಖನಿ ಮಾತನಾಡುವವರು, ತಮಿಳು ಮಾತನಾಡುವವರು, ಕಚ್ಛಿ ಮೇಮನರು ಮೊದಲಾಗಿ ಅನೇಕ ಸಮುದಾಯಗಳಿವೆ. ಕಚ್ಛಿ ಮೇಮನರ ಮೂಲನೆಲೆಯಾದ ಕಚ್ಛ್, ಮಾಂಡವಿ ಬಂದರಿನ ಹಡಗು ಕಟ್ಟುವ ಕಸುಬಿಗೆ ಹೆಸರಾದುದು. ಜವಳಿ ಮತ್ತು ಇತರ ವ್ಯಾಪಾರಗಳಿಗಾಗಿ ದಂಡಿಗೆ ಬಂದು ನೆಲೆಸಿದ ಈ ಸೇಟುಗಳಲ್ಲಿ ಸರ್ ಹಾಜಿ ಇಸ್ಮಾಯಿಲ್ ಸೇಟ್ (೧೮೫೯–೧೯೩೪) ಪ್ರಸಿದ್ಧರು. ಶಿವಾಜಿನಗರದ ಗೋಷಾ ಆಸ್ಪತ್ರೆ, ಫ್ರೇಜರ್ ಟೌನಿನ ಮಸೀದಿಗಳು ಅವರ ಹೆಸರನ್ನು ಹೊತ್ತಿವೆ. ಆ ಹೆಸರಿನಲ್ಲಿರುವ 'ಹಾಜಿ' ಎಂಬ ಪದದತ್ತ ಇಲ್ಲಿ ಗಮನ ಸೆಳೆಯಬೇಕು. ಅವರ ಕಾಲದಲ್ಲಿ ಬೆಂಗಳೂರಿನಿಂದ ಮಕ್ಕಾಕ್ಕೆ ಹೋಗುವುದೆಂದರೆ ಹಡಗಿನಲ್ಲಿ ಹೋಗುವುದೆಂದೇ ಅರ್ಥ. ಆ ತಲೆಮಾರಿನ ಒಬ್ಬೊಬ್ಬ ಹಾಜಿಯ ಹೆಸರಿನ ಹಿಂದೆಯೂ ಅರಬ್ಬಿ ಸಮುದ್ರದ ಹೋಗಿಬರುವ ಎರಡು ಯಾನಗಳಿವೆ. ಅಂಗಡಿಯ ಫಲಕ, ಆಸ್ಪತ್ರೆಯ ಹೆಬ್ಬಾಗಿಲು, ಗೋರಿಕಲ್ಲುಗಳ ಮೇಲಿನ ಈ ಪದವನ್ನು ಒಳನಾಡಿನ ನಗರದಲ್ಲಿ ಉಳಿದ ಕಡಲಿನ ದಾಖಲೆಯೆಂದೇ ಓದಬಹುದಾಗಿದೆ.

ಯಾನದ ವಿವರಗಳು ಹೀಗಿವೆ. ಬೆಂಗಳೂರಿನಿಂದ ರೈಲಿನಲ್ಲಿ ಮುಂಬಯಿಗೆ. ಅಲ್ಲಿ ಮುಸಾಫಿರ್‌ಖಾನೆಯಲ್ಲಿ ತಂಗುವುದು. ಬಳಿಕ ಜಿದ್ದಾಕ್ಕೆ ಹೋಗುವ ಹಡಗು. ೧೮೭೭ರಲ್ಲಿ ಸ್ಥಾಪನೆಗೊಂಡ ಬಾಂಬೆ ಅಂಡ್ ಪರ್ಷಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಮುಂದೆ ಮೊಗಲ್ ಲೈನ್ ಎಂಬ ಹೆಸರು ಪಡೆದು ಈ ಯಾತ್ರಿಕರನ್ನು ದಶಕಗಳ ಕಾಲ ಸಾಗಿಸಿತು. ಇಸ್ಲಾಮಿ, ಮೊಹಮ್ಮದಿ, ಮುಜಫ್ಫರಿ, ಅಕ್ಬರ್ ಮೊದಲಾದವು ಅದರ ಹಡಗುಗಳ ಹೆಸರುಗಳು. ಬಹುಪಾಲು ಯಾತ್ರಿಕರದು ಡೆಕ್ಕಿನ ಪ್ರಯಾಣ. ೧೮೮೨ರಿಂದ ಮುಂದೆ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ರೋಗತಪಾಸಣೆಗಾಗಿ ಯಾತ್ರಿಕರನ್ನು ಇಳಿಸಿ ದಿನಗಟ್ಟಲೆ ನಿಲ್ಲಿಸಿಕೊಳ್ಳುವ ವ್ಯವಸ್ಥೆಯಿತ್ತು. ಜಿದ್ದಾದಲ್ಲಿ ಹವಳದ ದಿಬ್ಬಗಳ ಕಾರಣ ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಸಣ್ಣ ದೋಣಿಗಳಲ್ಲಿ ದಡ ಸೇರಬೇಕಾಗಿತ್ತು. ಅಂದರೆ ಒಂದು ಯಾತ್ರೆಯಲ್ಲಿ ದೇಹವು ಕಡಲಿನಿಂದ ನೆಲಕ್ಕೆ, ನೆಲದಿಂದ ಕಡಲಿಗೆ ಅನೇಕ ಬಾರಿ ಹೊಂದಿಕೊಳ್ಳಬೇಕಾಗುತ್ತಿತ್ತು. ಮೊಗಲ್ ಲೈನ್ ೧೯೮೬ರಲ್ಲಿ ಭಾರತೀಯ ನೌಕಾ ನಿಗಮದಲ್ಲಿ ವಿಲೀನಗೊಂಡಿತು. ಭಾರತದಿಂದ ಹಡಗಿನ ಹಜ್ ಯಾತ್ರೆ ೧೯೯೫ರಲ್ಲಿ ನಿಂತುಹೋಯಿತು. ಇಂದು ಬೆಂಗಳೂರಿನಿಂದಲೇ ವಿಮಾನಗಳು ಹೊರಡುತ್ತವೆ.

೪. ನಿಂತಾಗ ಎದ್ದುಬರುವ ಅಲೆ: ಒಂದು ಊಹೆ

ವಾಹನದಲ್ಲಿ ಸಾಗುವಾಗ ತೂಗುಭಾಸ ತಗ್ಗುತ್ತದೆ, ನಿಂತಾಗ ಮರಳುತ್ತದೆ ಎಂಬ ವೈದ್ಯಕೀಯ ಲಕ್ಷಣವನ್ನು ಈ ಪ್ರಯಾಣದ ನಕ್ಷೆಯ ಮೇಲಿಟ್ಟು ನೋಡಿದರೆ ಒಂದು ಊಹೆಗೆ ಅವಕಾಶವಾಗುತ್ತದೆ. ಮುಂಬಯಿಯಲ್ಲಿ ಹಡಗಿನಿಂದಿಳಿದ ಬೆಂಗಳೂರಿನ ಯಾತ್ರಿಕರು ಬೇಗನೆ ರೈಲು ಹತ್ತಿದರೆ, ರೈಲಿನ ಓಲಾಟದಲ್ಲಿ ಕಡಲಿನ ಓಲಾಟ ಮರೆಯಾಗುತ್ತಿತ್ತು. ನಿಲ್ದಾಣದಿಂದ ಮನೆಗೆ ಜಟಕಾ ಗಾಡಿ. ಅದೂ ಓಲಾಡುವುದೇ. ಕೊನೆಗೆ ದೇಹ ನಿಶ್ಚಲವಾಗುವುದು ಮನೆಯೊಳಗೆ, ಚಾಪೆಯ ಮೇಲೆ ಬೆನ್ನು ಚಾಚಿದಾಗ. ಆದ್ದರಿಂದ ಅಲೆ ಏಳುವ ಸ್ಥಳ ಬಂದರಲ್ಲ. ಕಡಲಿನಿಂದ ಬಹುದೂರದ ಒಳಮನೆ. ಒಂದೆರಡು ದಿನಗಳಲ್ಲಿ ಅಡಗುವ ಸಾಮಾನ್ಯ ತೂಗುಭಾಸ ರೈಲಿನಲ್ಲಿಯೇ ಮುಗಿದುಹೋಗಿರಬಹುದಾದ ಸಾಧ್ಯತೆಯೂ ಇದೆ. ದೀರ್ಘವಾದ ರೈಲುಪ್ರಯಾಣವೇ ಇಂಥ ಭಾಸವನ್ನು ತರಬಲ್ಲುದು ಎಂಬುದನ್ನೂ ಮರೆಯಬಾರದು. ಆದುದರಿಂದ ಈ ಊಹೆ ಎಲ್ಲರಿಗೂ ಅನ್ವಯಿಸುವಂಥದಲ್ಲ. ತೂಗುಭಾಸ ಹೆಚ್ಚು ಕಾಲ ಉಳಿದವರಿಗೆ ಮಾತ್ರ ಇದು ಸಲ್ಲುತ್ತದೆ.

ಮರಳಿದ ಹಾಜಿಯನ್ನು ಬರಮಾಡಿಕೊಳ್ಳುವ ಆಚರಣೆಗಳು ಇಲ್ಲಿ ಪ್ರಸ್ತುತವಾಗುತ್ತವೆ. ನಿಲ್ದಾಣಕ್ಕೆ ಹೋಗಿ ಹಾರ ಹಾಕುವುದು, ಜಮ್‌ಜಮ್ ನೀರು ಮತ್ತು ಖರ್ಜೂರವನ್ನು ಹಂಚುವುದು, ನೆಂಟರಿಷ್ಟರು ಮನೆಗೆ ಬಂದು ತಮಗಾಗಿ ದುಆ ಮಾಡುವಂತೆ ಕೇಳಿಕೊಳ್ಳುವುದು ಎಲ್ಲರೂ ಬಲ್ಲ ಪದ್ಧತಿಗಳು. ಕೆಲವು ದಿನಗಳವರೆಗೆ ಹಾಜಿ ವ್ಯಾಪಾರಕ್ಕೆ ಮರಳದೆ ಮನೆಯಲ್ಲಿ ಕುಳಿತು ಬಂದವರನ್ನು ಕಾಣುತ್ತಾರೆ. ಆರ್ನಾಲ್ಡ್ ವಾನ್ ಗೆನೆಪ್ ೧೯೦೯ರಲ್ಲಿ ಮಂಡಿಸಿದ ಸ್ಥಿತ್ಯಂತರ ಆಚರಣೆಗಳ ಸಿದ್ಧಾಂತದಲ್ಲಿ ಬೇರ್ಪಡುವಿಕೆ, ಹೊಸ್ತಿಲ ಸ್ಥಿತಿ, ಮರುಸೇರ್ಪಡೆ ಎಂಬ ಮೂರು ಹಂತಗಳಿವೆ. ಮರುಸೇರ್ಪಡೆಗೆ ಸಮಾಜ ಕೊಡುವ ಈ ಬಿಡುವು ದೇಹಕ್ಕೂ ಬಿಡುವೇ ಆಗುತ್ತದೆ. ಹಡಗಿನಿಂದ ಇಳಿದ ದೇಹವು ಇನ್ನೂ ಹೊಸ್ತಿಲ ಮೇಲಿದೆ. ಸಮುದಾಯ ಅದನ್ನು ಅವಸರಪಡಿಸುವುದಿಲ್ಲ. ಸಮುದ್ರೋಲ್ಲಂಘನ ಮಾಡಿದವರಿಗೆ ಪ್ರಾಯಶ್ಚಿತ್ತ ವಿಧಿಸುತ್ತಿದ್ದ ಹಿಂದೂ ಮೇಲ್ಜಾತಿಗಳ ಕಟ್ಟಳೆಯನ್ನು ಇದರೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಕಡಲು ದಾಟಿದ ದೇಹ ಮಲಿನ, ಅದು ಶುದ್ಧಿಗೊಳ್ಳಬೇಕು. ಇಲ್ಲಿ ಕಡಲು ದಾಟಿದ ದೇಹ ಪಾವನ, ಅದರ ಸಾಮೀಪ್ಯವನ್ನೇ ಜನ ಬಯಸುತ್ತಾರೆ. ಎರಡೂ ಕಡೆ ಒಪ್ಪಿರುವ ಸಂಗತಿಯೊಂದೇ: ಕಡಲಿನಿಂದ ಬಂದವರು ಬಂದ ದಿನವೇ ಪೂರ್ತಿಯಾಗಿ ಬಂದಿರುವುದಿಲ್ಲ.

ಕರಾವಳಿಯ ಸ್ಥಿತಿ ಇದಕ್ಕಿಂತ ಬೇರೆ. ಮಲ್ಪೆ, ಗಂಗೊಳ್ಳಿ, ಕಾರವಾರಗಳ ಮೊಗವೀರ, ಖಾರ್ವಿ ಮೊದಲಾದ ಸಮುದಾಯಗಳ ಮೀನುಗಾರರು ಆಳಸಮುದ್ರದಲ್ಲಿ ದಿನಗಟ್ಟಲೆ ಇದ್ದು ಮರಳಿ, ಸ್ವಲ್ಪ ಬಿಡುವಿನ ನಂತರ ಮತ್ತೆ ಹೊರಡುತ್ತಾರೆ. ದೇಹಕ್ಕೆ ಎರಡು ಲಯಗಳೂ ರೂಢಿಯಾಗಿರುತ್ತವೆ. ಜೂನ್ ೧ರಿಂದ ಜುಲೈ ೩೧ರವರೆಗಿನ ೬೧ ದಿನಗಳ ಮೀನುಗಾರಿಕೆ ನಿಷೇಧದ ಅವಧಿ ಯಾಂತ್ರಿಕ ದೋಣಿಯವರಿಗೆ ದೀರ್ಘವಾದ ನೆಲವಾಸ. ದಂಡಿನ ಹಾಜಿಗಾದರೋ ಕಡಲು ಜೀವಮಾನದಲ್ಲಿ ಸಾಮಾನ್ಯವಾಗಿ ಒಂದೇ ಸಲ. ಆ ಅನುಭವವನ್ನು ಇರಿಸಲು ಅವರ ನೆರೆಹೊರೆಯಲ್ಲಿ ಸಿದ್ಧವಾದ ಮಾತುಗಳಿರಲಿಲ್ಲ. ಇದು ನಮ್ಮನ್ನು ಭಾಷೆಯ ಪ್ರಶ್ನೆಗೆ ತರುತ್ತದೆ.

೫. ಸುತ್ತು ಮತ್ತು ತೂಗು

ಕಮರ್ಷಿಯಲ್ ಸ್ಟ್ರೀಟಿನ ಪರಿಸರದಲ್ಲಿ ಕನ್ನಡ, ದಖ್ಖನಿ, ತಮಿಳು, ತೆಲುಗು ನಾಲ್ಕೂ ದಿನಬಳಕೆಯ ಭಾಷೆಗಳು. ಸಮತೋಲ ತಪ್ಪಿದ ಅನುಭವವನ್ನು ವೈದ್ಯರ ಮುಂದೆ ಹೇಳಲು ಇವುಗಳಲ್ಲಿರುವ ರೂಢಿಯ ಮಾತುಗಳನ್ನು ಗಮನಿಸಬೇಕು. ಕನ್ನಡದಲ್ಲಿ ತಲೆಸುತ್ತು, ತಲೆ ತಿರುಗುವುದು, ದಖ್ಖನಿಯಲ್ಲಿ ಚಕ್ಕರ್, ತಮಿಳಿನಲ್ಲಿ ತಲೈಸುತ್ತಲ್, ತೆಲುಗಿನಲ್ಲಿ ತಲ ತಿರುಗುಡು. ನಾಲ್ಕರಲ್ಲಿಯೂ ಇರುವುದು ಸುತ್ತುವಿಕೆಯ ಕಲ್ಪನೆ. ತೂಗುವಿಕೆಯ ಸುಳಿವು ಯಾವುದರಲ್ಲಿಯೂ ಇಲ್ಲ. ತೂಗುಭಾಸದಿಂದ ಬಳಲುವವರು ಬೇರೆ ಮಾತು ಸಿಗದೆ 'ತಲೆಸುತ್ತು' ಎನ್ನುತ್ತಾರೆ. ವೈದ್ಯರು ಆ ಮಾತನ್ನು ನಂಬಿ ಸುತ್ತುವ ವ್ಯಾಧಿಗಳನ್ನು ಹುಡುಕುತ್ತಾರೆ. ಪರೀಕ್ಷೆಗಳಲ್ಲಿ ಏನೂ ಕಾಣುವುದಿಲ್ಲ. ಅಲ್ಲಿಂದ ಮುಂದೆ ರೋಗಿಯನ್ನು, ವಿಶೇಷವಾಗಿ ರೋಗಿ ಹೆಂಗಸಾಗಿದ್ದರೆ, 'ಮನಸ್ಸಿನ ಕಾಯಿಲೆ' ಎಂಬ ಹಣೆಪಟ್ಟಿಗೆ ಒಪ್ಪಿಸುವುದು ಸುಲಭವಾಗುತ್ತದೆ.

ಕನ್ನಡದಲ್ಲಿ ತೂಗುವಿಕೆಗೆ ಮಾತುಗಳಿಲ್ಲವೆಂದಲ್ಲ; ಬೇಕಾದಷ್ಟಿವೆ. ತೂಗು, ಓಲು, ಓಲಾಡು, ತೊನೆ, ತೊನೆದಾಡು, ಜೋಲಿ ಹೊಡೆ, ಹೊಯ್ದಾಡು, ತೇಲಾಡು, ಅಲುಗಾಡು ಇವೆಲ್ಲ ಚಲನೆಯ ಸೂಕ್ಷ್ಮಭೇದಗಳನ್ನು ಹೇಳುತ್ತವೆ. ತೂಗುವುದು ತೊಟ್ಟಿಲು, ಅಲ್ಲಿ ಚಲನೆಗೆ ಲಯವಿದೆ, ಅದು ಹಿತವಾದುದು. ತೊನೆಯುವುದು ಗಾಳಿಗೆ ಸಿಕ್ಕ ತೆನೆ. ಜೋಲಿ ಹೊಡೆಯುವುದು ಕುಡಿದವನ ಅಥವಾ ನಿತ್ರಾಣನ ನಡೆ. ಹೊಯ್ದಾಡುವುದು ಬಿರುಗಾಳಿಯ ದೋಣಿ. ಆದರೆ ಈ ಪದಗಳು ರೋಗಲಕ್ಷಣದ ಕ್ಷೇತ್ರಕ್ಕೆ ಬಂದಿಲ್ಲ. ಅವು ತೊಟ್ಟಿಲು, ಪೈರು, ಕುಡಿತ, ದೋಣಿಗಳಲ್ಲಿಯೇ ಉಳಿದಿವೆ. ದೇಹಕ್ಕೆ ಬರುವ ಬದಲು ಅವುಗಳಲ್ಲಿ ಕೆಲವು ಮನಸ್ಸಿಗೆ ಹೋಗಿವೆ. ಮನಸ್ಸಿನ ಹೊಯ್ದಾಟ, ಡೋಲಾಯಮಾನ ಸ್ಥಿತಿ ಎಂಬ ಪ್ರಯೋಗಗಳಲ್ಲಿ ಅನಿಶ್ಚಯವೇ ಅರ್ಥ. ಡೋಲಾ ಎಂದರೆ ಉಯ್ಯಾಲೆ. ಹೀಗಾಗಿ 'ನಾನು ನಿಂತಲ್ಲಿಯೇ ಹೊಯ್ದಾಡುತ್ತಿದ್ದೇನೆ' ಎಂದು ಒಬ್ಬಾಕೆ ಹೇಳಿದರೆ ಕೇಳುವವರು ಅದನ್ನು ದೇಹದ ವರದಿಯೆಂದು ತಿಳಿಯದೆ ಮನಸ್ಸಿನ ರೂಪಕವೆಂದು ತಿಳಿಯುವ ಸಂಭವವೇ ಹೆಚ್ಚು. ಇದು ಪದಸಂಪತ್ತಿನ ಕೊರತೆಯಲ್ಲ, ಪದಗಳ ಹಂಚಿಕೆಯ ತೊಡಕು.

ತೊಟ್ಟಿಲು ಮತ್ತು ತೂಗುಮಂಚಗಳ ಸಂಗತಿಯೂ ಇಲ್ಲಿ ವಿಚಾರಾರ್ಹ. ಗುಜರಾತ್ ಮೂಲದ ಮನೆಗಳಲ್ಲಿಯೂ ಕನ್ನಡ ನಾಡಿನ ಅನೇಕ ಹಳೆಯ ಮನೆಗಳಲ್ಲಿಯೂ ತೂಗುಮಂಚ ಪಡಸಾಲೆಯ ಸಾಮಾನ್ಯ ವಸ್ತು. ಹೊರಗಿನಿಂದ ಬರುವ ಚಲನೆ ಒಳಗಿನ ತೂಗುಭಾಸವನ್ನು ತಾತ್ಕಾಲಿಕವಾಗಿ ಶಮನಗೊಳಿಸುತ್ತದೆ ಎಂಬುದನ್ನು ಒಪ್ಪಿದರೆ, ಕಡಲಿನಿಂದ ಮರಳಿದವರಿಗೆ ತೂಗುಮಂಚ ಹಿತವೆನಿಸಿರಬೇಕೆಂದು ತರ್ಕಿಸಬಹುದು. ಇದು ತೀರ್ಮಾನವಲ್ಲ, ಕ್ಷೇತ್ರಕಾರ್ಯದಲ್ಲಿ ಕೇಳಬೇಕಾದ ಪ್ರಶ್ನೆ.

೬. ಆಗಬೇಕಾದ ಕಾರ್ಯ

ಈ ವಿಷಯ ಗತಕಾಲಕ್ಕೆ ಸೀಮಿತವಾದುದಲ್ಲ. ೨೦೨೧ರಿಂದ ಮುಂಬಯಿಯನ್ನು ನೆಲೆಯಾಗಿಸಿಕೊಂಡು ಭಾರತೀಯ ವಿಹಾರನೌಕೆಗಳು ಸಂಚರಿಸುತ್ತಿವೆ. ನವಮಂಗಳೂರು ಬಂದರಿಗೆ ವಿದೇಶಿ ವಿಹಾರನೌಕೆಗಳು ಬರುತ್ತಿವೆ. ಹಡಗಿನ ವಿಹಾರ ಮುಗಿಸಿ ಬೆಂಗಳೂರಿಗೆ ಮರಳುವವರಲ್ಲಿ ತೂಗುಭಾಸ ಉಳಿದುಕೊಂಡವರು ಇರಲಾರರೆಂದು ಹೇಳುವಂತಿಲ್ಲ. ಅವರಿಗೆ ಬೇಕಾದುದು ತಮ್ಮ ಅನುಭವವನ್ನು ತಪ್ಪಿಲ್ಲದೆ ಹೇಳಬಲ್ಲ ಮಾತು, ಅದನ್ನು ತಪ್ಪಿಲ್ಲದೆ ಕೇಳಬಲ್ಲ ಕಿವಿ. ಸುತ್ತಿದಂತಾಗುವುದೋ, ತೂಗಿದಂತಾಗುವುದೋ? ವಾಹನದಲ್ಲಿ ಕುಳಿತಾಗ ಹೆಚ್ಚುವುದೋ, ತಗ್ಗುವುದೋ? ಯಾವ ಪ್ರಯಾಣದ ನಂತರ ಆರಂಭವಾಯಿತು? ಕನ್ನಡದಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಿದರೆ ಅನೇಕ ಅನಗತ್ಯ ಪರೀಕ್ಷೆಗಳು ತಪ್ಪಬಹುದು. ದೇಶೀ ಪದಗಳ ಅರ್ಥಭೇದವನ್ನು ಬಲ್ಲ ಜಾನಪದ ವಿದ್ವಾಂಸರು ವೈದ್ಯಕ್ಷೇತ್ರಕ್ಕೆ ಸಲ್ಲಿಸಬಹುದಾದ ಸೇವೆ ಇದು.

ಎರಡನೆಯ ಕಾರ್ಯ ಇನ್ನೂ ತುರ್ತಿನದು. ಹಡಗಿನ ಹಜ್ ಯಾತ್ರೆ ನಿಂತು ಮೂರು ದಶಕಗಳಾಗಿವೆ. ಅದರ ಕೊನೆಯ ವರ್ಷಗಳಲ್ಲಿ ಮೂವತ್ತರ ವಯಸ್ಸಿನಲ್ಲಿ ಡೆಕ್ಕಿನ ಮೇಲೆ ಚಾಪೆ ಹಾಸಿದವರು ಇಂದು ಅರವತ್ತನ್ನು ದಾಟಿದ್ದಾರೆ. ಅವರ ಹಿರಿಯರಲ್ಲಿ ಹೆಚ್ಚಿನವರು ಇಂದಿಲ್ಲ. ಶಿವಾಜಿನಗರ, ಟಾಸ್ಕರ್ ಟೌನ್, ಫ್ರೇಜರ್ ಟೌನ್ ಸುತ್ತಿನ ಮನೆಗಳಲ್ಲಿ ಇಂಥವರನ್ನು, ಅದರಲ್ಲಿಯೂ ಹಿರಿಯ ಹೆಂಗಸರನ್ನು, ಮಹಿಳಾ ಕ್ಷೇತ್ರಕಾರ್ಯಕರ್ತರು ಭೇಟಿಯಾಗಿ ಅವರ ಭಾಷೆಯಲ್ಲಿಯೇ ಮಾತುಗಳನ್ನು ಸಂಗ್ರಹಿಸಬೇಕಾಗಿದೆ. ಯಾತ್ರೆಯ ಪುಣ್ಯಕಥನವನ್ನು ಕೇಳಿದ ಬಳಿಕ, ಮನೆಗೆ ಬಂದ ಮೊದಲ ರಾತ್ರಿ ನಿದ್ದೆ ಹೇಗಿತ್ತು ಎಂದೂ ಕೇಳಬೇಕು. ನಮ್ಮ ಸಂಗ್ರಹಕಾರ್ಯದ ಪ್ರಶ್ನಾವಳಿಗಳಲ್ಲಿ ಹಾಡು, ಕಥೆ, ಆಚರಣೆ, ನಂಬಿಕೆಗಳಿಗೆ ಜಾಗವಿರುವಂತೆ ದೇಹದ ಅನುಭವಕ್ಕೂ ಒಂದು ಜಾಗ ಇರಬೇಕು. ಒಳನಾಡಿನ ಈ ಪೇಟೆಗೆ ಕಡಲಿನೊಡನೆ ಇದ್ದ ಸಂಬಂಧವನ್ನು ಹಡಗಿನ ಪಟ್ಟಿಗಳಿಂದಲೂ ಸುಂಕದ ಲೆಕ್ಕಗಳಿಂದಲೂ ತಿಳಿಯಬಹುದು. ಆ ಸಂಬಂಧ ದೇಹದಲ್ಲಿ ಹೇಗೆ ಉಳಿಯಿತೆಂಬುದನ್ನು ಮಾತ್ರ ಹೋಗಿಬಂದವರೇ ಹೇಳಬೇಕು. ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.